ವಾನ್ ರೀಡೆ: ಡ್ರಾಕೆನ್‌ಸ್ಟೈನ್ ಮನೆಯ ಕಿರಿಮಗ ಕೊಚ್ಚಿಗೆ ಬಂದದ್ದು ಯಾಕೆ?

ಓಲೆಗರಿ:

‘ಹಾರ್ಟಸ್ ಮಲಬಾರಿಕಸ್’, ಅಂದರೆ ಮಲಬಾರಿನ ಗಿಡಗಳ ಬಗ್ಗೆ ಹದಿನೇಳನೇ ಶತಮಾನದಲ್ಲಿ ಲ್ಯಾಟಿನ್ನಿನಲ್ಲಿ ಬಂದ ದೊಡ್ಡ ಪುಸ್ತಕ, ಅದರ ಮಾತು ಬಂದಾಗಲೆಲ್ಲ ಗಿಡಗಳ ಸುದ್ದಿ ಬರುತ್ತೆ, ಇಟ್ಟಿ ಅಚ್ಯುತನ್ ವೈದ್ಯರ ಸುದ್ದಿ ಬರುತ್ತೆ. ಅದನ್ನು ಮಾಡಿಸಿದ ವಾನ್ ರೀಡೆಯನ್ನು ಮಾತ್ರ ‘ಕೊಚ್ಚಿಯ ಡಚ್ ಗವರ್ನರ್’ ಅಂತ ಒಂದೇ ಉಸಿರಲ್ಲಿ ಮುಗಿಸಿಬಿಡ್ತಾರೆ. ಆತನ ಮನೆತನದ ಕಥೆ ತಿಳಿದರೆ ಪುಸ್ತಕವೂ ಬೇರೆ ತರ ಕಾಣುತ್ತೆ ಅನ್ನೋದು ನನ್ನ ಅನಿಸಿಕೆ. ಅದಕ್ಕೇ ಈ ಚರ್ಚೆ ಎತ್ತಿದ್ದೇನೆ.

ಪೂರ್ತಿ ಹೆಸರು ಹೆಂಡ್ರಿಕ್ ಆಡ್ರಿಯಾನ್ ವಾನ್ ರೀಡೆ ಟೋಟ್ ಡ್ರಾಕೆನ್‌ಸ್ಟೈನ್. ಹುಟ್ಟಿದ್ದು 1636ರ ಏಪ್ರಿಲ್ 13ರಂದು, ಆಮ್‌ಸ್ಟರ್‌ಡ್ಯಾಮಿನಲ್ಲಿ. ತಂದೆ ಅರ್ನ್‌ಸ್ಟ್ ವಾನ್ ರೀಡೆ ಅಲ್ಲಿನ ನೌಕಾ ಆಡಳಿತ ಮಂಡಳಿಯಲ್ಲಿದ್ದವನು, ಉಟ್ರೆಕ್ಟ್ ಸೀಮೆಯ ಕಾಡುಗಳ ಉಸ್ತುವಾರಿಯೂ ಅವನದೇ. ತಾಯಿ ಎಲಿಸಬೆತ್ ಉಟೆನ್‌ಹೋವ. ಏಳು ಮಕ್ಕಳಲ್ಲಿ ಇವನೇ ಕಡೆಯವನು. 1637ರಲ್ಲಿ ತಾಯಿ ಹೋದಳು, 1640ರಲ್ಲಿ ತಂದೆಯೂ ಹೋದ. ನಾಲ್ಕು ವರ್ಷದ ಹುಡುಗ ಪರದೇಶಿಯಾದ. ಹದಿನಾಲ್ಕಕ್ಕೆ ಮನೆ ಬಿಟ್ಟ, ಇಪ್ಪತ್ತಕ್ಕೆ, ಅಂದರೆ 1656ರಲ್ಲಿ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದ.

ನನ್ನ ಪ್ರಶ್ನೆ ಇಷ್ಟೇ. ಉಟ್ರೆಕ್ಟ್ ಪ್ರಾಂತ್ಯದಲ್ಲಿ ವಾನ್ ರೀಡೆ ಅಂದರೆ ಹೆಸರುವಾಸಿ ಮನೆ. ಅಂಥ ಮನೆಯ ಹುಡುಗ ಕಂಪನಿಯ ಹಡಗು ಯಾಕೆ ಹತ್ತಬೇಕಿತ್ತು? ಆ ಕಾಲದಲ್ಲಿ ಅದನ್ನು ಹತ್ತುತ್ತಿದ್ದವರಲ್ಲಿ ಹೆಚ್ಚಿನವರು ಊರಲ್ಲಿ ಗತಿಯಿಲ್ಲದವರು.

ಕಡತಪ್ರಿಯ:

ಒಳ್ಳೆಯ ಪ್ರಶ್ನೆ. ಉತ್ತರ ಅರ್ಧ ಆತನ ಹೆಸರಿನ ಬಾಲದಲ್ಲೇ ಇದೆ.

ಡ್ರಾಕೆನ್‌ಸ್ಟೈನ್ ಅನ್ನೋದು ಉಟ್ರೆಕ್ಟ್ ಪ್ರಾಂತ್ಯದ ಲಾಗೆ ಫ್ಯೂರ್ಶೆ ಅನ್ನೋ ಊರಿನ ಕಾಡಂಚಿನಲ್ಲಿರುವ ಸಣ್ಣ ಕೋಟೆಮನೆ. ಎಂಟು ಮೂಲೆಯದು, ಸುತ್ತ ನೀರಿನ ಕಂದಕ. ಈಗ ನಿಂತಿರುವ ಕಟ್ಟಡ 1640ರಿಂದ 1643ರ ನಡುವೆ ಎದ್ದದ್ದು. ಕಟ್ಟಿಸಿದವನು ಗೆರಾರ್ಡ್ ವಾನ್ ರೀಡೆ, ಹೆಂಡ್ರಿಕ್‌ನ ಅಣ್ಣ. ಗಮನಿಸಿ: ಅಪ್ಪ ಸತ್ತ ವರ್ಷವೇ ಅಣ್ಣ ಮನೆ ಕಟ್ಟಿಸಲು ಶುರುಮಾಡಿದ್ದಾನೆ. ಆಸ್ತಿ ಅವನ ಪಾಲಿಗೆ, ಹೆಸರು ಮಾತ್ರ ತಮ್ಮನ ಪಾಲಿಗೆ. ‘ಡ್ರಾಕೆನ್‌ಸ್ಟೈನ್‌ನವನು’ ಅಂತ ಜನ್ಮವಿಡೀ ಬರೆದುಕೊಂಡವನಿಗೆ ಆ ಮನೆಯ ಒಡೆತನ ಇರಲಿಲ್ಲ.

ಇನ್ನೊಂದು ವಿಷಯ. ಆಗಿನ ನೆದರ್ಲೆಂಡ್ಸ್ ಗಣರಾಜ್ಯ. ಸ್ಪೇನಿನ ದೊರೆಯನ್ನು ಕಿತ್ತೊಗೆದ ಮೇಲೆ ಹೊಸದಾಗಿ ಯಾರಿಗಾದರೂ ಬಿರುದು ಕೊಟ್ಟು ಶ್ರೀಮಂತ ದರ್ಜೆಗೆ ಏರಿಸಲು ಅಲ್ಲಿ ರಾಜನೇ ಇರಲಿಲ್ಲ. ಹಾಗಾಗಿ ಹಳೆಯ ಮನೆತನಗಳು ಇದ್ದಷ್ಟೇ. ಉಟ್ರೆಕ್ಟ್‌ನಲ್ಲಿ ಪ್ರಾಂತ್ಯ ಸಭೆಯ ಮೂರು ಅಂಗಗಳಲ್ಲಿ ಒಂದು ಈ ಮನೆತನಗಳದು. ಆದರೆ ವಂಶ ಇದ್ದರೆ ಸಾಲದು, ಮಾನ್ಯತೆ ಪಡೆದ ಕೋಟೆಮನೆಯೊಂದು ಕೈಯಲ್ಲಿರಬೇಕು, ಸುಧಾರಿತ ಪಂಥದ ಕ್ರೈಸ್ತನಾಗಿರಬೇಕು. ಮನೆ ಒಂದೇ, ಗಂಡುಮಕ್ಕಳು ಹಲವರು. ಕಿರಿಯರಿಗೆ ಉಳಿದದ್ದು ಸೈನ್ಯ, ಇಲ್ಲವೇ ಸಮುದ್ರ.

ಕಾಫಿತೋಟ:

ನಮ್ಮ ಕಡೆ ಪಟೇಲರ ಮನೆಗಳ ಕಥೆಯೂ ಇದೇ ಅಲ್ವಾ? ಹಿರಿಮಗನಿಗೆ ಗದ್ದೆ, ಕಿರಿಮಗನಿಗೆ ಮಿಲಿಟರಿ.

ಅಂದಹಾಗೆ ಈ ಡ್ರಾಕೆನ್‌ಸ್ಟೈನ್ ಅಂದರೆ ನೆದರ್ಲೆಂಡ್ಸ್‌ನ ಹಿಂದಿನ ರಾಣಿ ಬಿಯಾಟ್ರಿಕ್ಸ್ ಇರುವ ಮನೆಯೇನಾ?

ಕಡತಪ್ರಿಯ:

ಅದೇ. 1959ರಲ್ಲಿ ಆಕೆ ಇನ್ನೂ ರಾಜಕುಮಾರಿಯಾಗಿದ್ದಾಗ ಕೊಂಡದ್ದು. ಪಟ್ಟ ಬಿಟ್ಟುಕೊಟ್ಟ ಮೇಲೆ ಮತ್ತೆ ಅಲ್ಲೇ ಹೋಗಿ ನೆಲೆಸಿದರು.

ಓಲೆಗರಿ:

ಮನೆತನದ ಉಳಿದ ಕವಲುಗಳ ಬಗ್ಗೆ ಯಾರಾದರೂ ಹೇಳಿ. ಐರ್ಲೆಂಡಿನ ಇತಿಹಾಸದಲ್ಲೂ ಒಬ್ಬ ವಾನ್ ರೀಡೆ ಬರ್ತಾನಲ್ಲ?

ಕಡತಪ್ರಿಯ:

ಬರ್ತಾನೆ. ಆಮರೊಂಗನ್, ರೆನ್ಸ್‌ವೌಡೆ, ನೆಡರ್‌ಹೋರ್ಸ್ಟ್, ಡ್ರಾಕೆನ್‌ಸ್ಟೈನ್ ಹೀಗೆ ಈ ವಂಶಕ್ಕೆ ಹಲವು ಕವಲು. ಒಂದೊಂದಕ್ಕೂ ಒಂದೊಂದು ಕೋಟೆಮನೆ.

ನೆಡರ್‌ಹೋರ್ಸ್ಟ್‌ನ ಗೋಡಾರ್ಡ್ ವಾನ್ ರೀಡೆ 1648ರ ಮ್ಯೂನ್‌ಸ್ಟರ್ ಶಾಂತಿ ಸಂಧಾನದಲ್ಲಿ ಉಟ್ರೆಕ್ಟ್‌ನ ಪ್ರತಿನಿಧಿ. ಸ್ಪೇನಿನ ಜೊತೆಗಿನ ಎಂಬತ್ತು ವರ್ಷದ ಯುದ್ಧ ಮುಗಿಸಿದ ಒಪ್ಪಂದ ಅದು. ಉಳಿದವರೆಲ್ಲ ಸಹಿ ಹಾಕಿದರೂ ಈ ಮಹಾಶಯ ಮೊದಲು ಒಲ್ಲೆ ಅಂದು ಕೂತಿದ್ದ. ರೆನ್ಸ್‌ವೌಡೆಯ ಜೋಹಾನ್ ಇಂಗ್ಲೆಂಡಿಗೆ ರಾಯಭಾರಿಯಾಗಿ ಹೋದವನು.

ಆಮರೊಂಗನ್ ಕವಲಿನದು ದೊಡ್ಡ ಕಥೆ. ಗೋಡಾರ್ಡ್ ಆಡ್ರಿಯಾನ್ ವಾನ್ ರೀಡೆ ರಾಯಭಾರದ ಕೆಲಸದ ಮೇಲೆ ಊರೂರು ಸುತ್ತುತ್ತಿದ್ದಾಗ, 1673ರಲ್ಲಿ, ಫ್ರೆಂಚ್ ಸೈನ್ಯ ಅವನ ಮನೆಗೆ ಬೆಂಕಿ ಇಟ್ಟು ಬೂದಿ ಮಾಡಿತು. ಮತ್ತೆ ಕಟ್ಟಿಸಿದ್ದು ಹೆಂಡತಿ ಮಾರ್ಗರೆಟಾ ಟರ್ನರ್. ಗಂಡ ಪರದೇಶದಲ್ಲಿ, ಈಕೆ ಊರಲ್ಲಿ. ಇಬ್ಬರ ನಡುವೆ ಓಡಾಡಿದ ಕಾಗದಗಳು ಉಳಿದಿವೆ. ಈಗ ನಿಂತಿರುವ ಆಮರೊಂಗನ್ ಕೋಟೆಮನೆ ಆಕೆ ಎಬ್ಬಿಸಿದ್ದು. ಅವರ ಮಗನೇ ನೀವು ಕೇಳಿದ ಗೋಡಾರ್ಡ್, ಗಿಂಕಲ್‌ನ ಒಡೆಯ. ಇಂಗ್ಲೆಂಡಿನ ದೊರೆ ಮೂರನೇ ವಿಲಿಯಮ್‌ನ ದಂಡನಾಯಕನಾಗಿ 1691ರ ಜುಲೈನಲ್ಲಿ ಐರ್ಲೆಂಡಿನ ಆಕ್ರಿಮ್ ಯುದ್ಧ ಗೆದ್ದ, ಆಮೇಲೆ ಲಿಮ್ರಿಕ್ ಶರಣಾಯಿತು, ಅದಕ್ಕೆ ಆಥ್ಲೋನ್‌ನ ಅರ್ಲ್ ಪದವಿ ಸಿಕ್ಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ತಂದೆ ಕೋಪನ್‌ಹೇಗನ್‌ನಲ್ಲಿ ತೀರಿಕೊಂಡ. ಡಿಸೆಂಬರಿನಲ್ಲಿ ನಮ್ಮ ಹೆಂಡ್ರಿಕ್ ಮುಂಬಯಿ ಹತ್ತಿರದ ಸಮುದ್ರದಲ್ಲಿ ಸತ್ತ. ಆ ಒಂದು ವರ್ಷದಲ್ಲಿ ಈ ವಂಶದವರು ಎಲ್ಲೆಲ್ಲಿ ಇದ್ದರು ನೋಡಿ!

ಗಂಗೊಳ್ಳಿ ಮಾಣಿ:

ವಂಶವೃಕ್ಷ ಎಲ್ಲ ಸರಿ ಮಾರಾಯ್ರೆ, ಆದ್ರೆ ಈ ಮನುಷ್ಯ ಇಲ್ಲಿ ಬಂದು ಮಾಡಿದ್ದೇನು ಅಂತಲೂ ಬರೀರಿ. ಗಿಡ ಬರೆಸಿದ್ದು ಆಮೇಲೆ. ಮೊದಲು ಬಂದದ್ದು ಕೋವಿ ಹಿಡ್ಕೊಂಡು.

ಓಲೆಗರಿ:

ಖಂಡಿತ. ರೈಕ್ಲಾಫ್ ವಾನ್ ಗೋನ್ಸ್ ಅನ್ನೋ ಸೇನಾಪತಿಯ ಕೈಕೆಳಗೆ ಪೋರ್ಚುಗೀಸರನ್ನು ಮಲಬಾರಿನಿಂದ ಓಡಿಸುವ ದಂಡಿನಲ್ಲಿ ಇವನಿದ್ದ. 1662ರಲ್ಲಿ ಮಟ್ಟಂಚೇರಿ ಅರಮನೆಗೆ ನುಗ್ಗಿ ಕೊಚ್ಚಿಯ ವೃದ್ಧ ರಾಣಿ ಗಂಗಾಧರ ಲಕ್ಷ್ಮಿಯನ್ನು ಸೆರೆಹಿಡಿದವನು ಇವನೇ. ಮರುವರ್ಷ ಜನವರಿಯಲ್ಲಿ ಕೊಚ್ಚಿ ಕೋಟೆ ಡಚ್ಚರ ಕೈಸೇರಿತು. ಪೋರ್ಚುಗೀಸರ ಕಡೆಯವರನ್ನು ಇಳಿಸಿ ವೀರ ಕೇರಳ ವರ್ಮನಿಗೆ ಪಟ್ಟ ಕಟ್ಟಿದರು. ವಾನ್ ರೀಡೆಯನ್ನು ಆ ರಾಜನ ಆಸ್ಥಾನದಲ್ಲಿ ಕಂಪನಿಯ ಕಣ್ಣು ಕಿವಿಯಾಗಿ ಕೂರಿಸಿದರು. ರಾಜನಿಗೆ ಮಂತ್ರಿ, ಕಂಪನಿಗೆ ಕಾವಲುಗಾರ.

ಮನೆತನದ ಬೆಲೆ ಏನು ಅನ್ನೋದು ನನಗೆ ಕಾಣೋದು ಇಲ್ಲಿ. ವ್ಯಾಪಾರಿಯ ಮಗನಿಗೆ ಆಸ್ಥಾನದ ರೀತಿ ರಿವಾಜು ಕಲಿಯಬೇಕಾಗುತ್ತಿತ್ತು. ಇವನು ಯಾರು ಯಾರ ಪಕ್ಕ ಕೂರಬೇಕು, ಯಾರ ಜಮೀನು ಯಾರಿಗೆ ಅನ್ನುವ ಲೆಕ್ಕಗಳ ನಡುವೆಯೇ ಬೆಳೆದವನು. ನಾಯರ್ ತರವಾಡು, ನಂಬೂದಿರಿ ಇಲ್ಲಂ, ಸಣ್ಣಪುಟ್ಟ ಅರಸರ ಜಗಳ ಇವನಿಗೆ ಬೇಗ ಅರ್ಥವಾಗಿರಬೇಕು. ಹಾರ್ಟಸ್‌ನ ಮೂರನೇ ಸಂಪುಟವನ್ನು ಆತ ಅರ್ಪಿಸಿದ್ದು ಕೊಚ್ಚಿಯ ರಾಜನಿಗೆ. ಕಂಪನಿಯ ನೌಕರನೊಬ್ಬ ಹೀಗೆ ಮಾಡಿದ್ದು ಸಣ್ಣ ಸಂಗತಿಯಲ್ಲ.

ಗಂಗೊಳ್ಳಿ ಮಾಣಿ:

ಅರ್ಪಣೆ ಮಾಡಿದ್ರೆ ರಾಣಿಯನ್ನು ಸೆರೆ ಹಾಕಿದ್ದು ಅಳಿಸಿ ಹೋಗ್ತದಾ?

ಓಲೆಗರಿ:

ಇಲ್ಲ. ಎರಡೂ ಒಬ್ಬನೇ ಮಾಡಿದ್ದು ಅಂತ ಹೇಳ್ತಿದ್ದೇನೆ ಅಷ್ಟೆ.

ಬೇರುಕಾಂಡ:

ಪುಸ್ತಕದ ಕಡೆಗೆ ಬರೋಣ. ನಾನು ಸಸ್ಯಶಾಸ್ತ್ರ ಪಾಠ ಮಾಡುವವನು, ನನ್ನ ಆಸಕ್ತಿ ಅದು.

1670ರ ಹೊತ್ತಿಗೆ ವಾನ್ ರೀಡೆ ಮಲಬಾರಿನ ಕಮಾಂಡರ್. ಹದಿನಾಲ್ಕಕ್ಕೆ ಮನೆ ಬಿಟ್ಟವನು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಆದರೂ ಕೆಲಸ ನಡೆಸಿದ ಕ್ರಮ ನೋಡಿದರೆ ಆಶ್ಚರ್ಯವಾಗುತ್ತೆ. ಗಿಡ ಗೊತ್ತಿದ್ದವರನ್ನು ಕಾಡಿಗೆ ಕಳಿಸೋದು. ಅವರು ಎಲೆ, ಹೂವು, ಕಾಯಿ ಸಮೇತ ಕೊಂಬೆ ತರೋದು. ಬಾಡುವ ಮೊದಲೇ ಚಿತ್ರಕಾರರು ಬರೆದು ಮುಗಿಸೋದು. ಪಕ್ಕದಲ್ಲಿ ವೈದ್ಯರು ಪಂಡಿತರು ಹದಿನೈದು ಹದಿನಾರು ಜನ ಕೂತು ಗುಣ, ಉಪಯೋಗ ಚರ್ಚಿಸೋದು. ಚೇರ್ತಲ ಕಡೆಯ ಈಳವ ವೈದ್ಯ ಇಟ್ಟಿ ಅಚ್ಯುತನ್ ಮನೆಯ ತಾಳೆಗರಿ ನೋಡಿ, ನೆನಪಿಂದ ಹೇಳುತ್ತಿದ್ದರು. ಕಂಪನಿಯ ದುಭಾಷಿ ಇಮ್ಯಾನುಯೆಲ್ ಕಾರ್ನೇರೋ ಅದನ್ನು ಪೋರ್ಚುಗೀಸಿಗೆ ಹಾಕುತ್ತಿದ್ದ. ಅದು ಹಂತ ಹಂತವಾಗಿ ಲ್ಯಾಟಿನ್ ಆಗಬೇಕು. ಲ್ಯಾಟಿನ್ ಕೆಲಸ ಪಾದ್ರಿ ಜೊಹಾನೆಸ್ ಕಸೇರಿಯಸ್‌ನದು. ಆರಂಭದಲ್ಲಿ ದಾರಿ ತೋರಿಸಿದವನು ಸಂತ ಜೋಸೆಫರ ಮ್ಯಾಥ್ಯೂ ಅನ್ನುವ ಕಾರ್ಮೆಲೈಟ್ ಸನ್ಯಾಸಿ. ಕ್ಯಾಥೊಲಿಕರನ್ನು ಓಡಿಸಲು ಬಂದ ಪ್ರಾಟೆಸ್ಟೆಂಟ್ ಕಂಪನಿಯ ಅಧಿಕಾರಿ ಕ್ಯಾಥೊಲಿಕ್ ಸನ್ಯಾಸಿಯನ್ನೇ ಜೊತೆಗಿಟ್ಟುಕೊಂಡ ಅನ್ನೋದು ಗಮನಿಸಬೇಕು.

ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟ ಬಂತು. ಸುಮಾರು 740 ಗಿಡ. ಮೊದಲ ಸಂಪುಟದ ಮೊದಲ ಗಿಡ ತೆಂಗು. ತಾಮ್ರದ ತಗಡಿನಲ್ಲಿ ಕೆತ್ತಿದ ಚಿತ್ರದ ಮೇಲೆ ಹೆಸರು ಲ್ಯಾಟಿನ್ ಅಕ್ಷರದಲ್ಲಿ, ಮಲಯಾಳದಲ್ಲಿ, ಅರಬ್ಬಿಯಲ್ಲಿ, ಮತ್ತೆ ನಾಗರಿಯಲ್ಲಿ ಕೊಂಕಣಿ. ಕೆತ್ತಿದವರಿಗೆ ಈ ಲಿಪಿಗಳ ಗಂಧಗಾಳಿ ಇಲ್ಲ, ಆದರೂ ಅಕ್ಷರ ಓದಲು ಬರುತ್ತೆ.

ಗಂಗೊಳ್ಳಿ ಮಾಣಿ:

ಕೊಂಕಣಿ ಅಂದ್ರಿ, ಅಲ್ಲಿ ನಾನು ಮಾತಾಡ್ಲೇಬೇಕು. ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಅಂತ ಮೂವರು ಕೊಚ್ಚಿಯ ಕೊಂಕಣಿ ವೈದ್ಯರು. 1675ರಲ್ಲಿ ಅವರು ಬರೆದುಕೊಟ್ಟ ದೃಢೀಕರಣ ಪತ್ರ ಮೊದಲ ಸಂಪುಟದಲ್ಲೇ ನಾಗರಿ ಅಕ್ಷರದಲ್ಲಿ ಅಚ್ಚಾಗಿದೆ. ಇಟ್ಟಿ ಅಚ್ಯುತನ್ ಅವರದ್ದೂ ಅದೇ ವರ್ಷದ್ದು, ಕೋಲೆಳುತ್ತು ಅನ್ನುವ ಹಳೆಯ ಮಲಯಾಳ ಲಿಪಿಯಲ್ಲಿ. ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟವರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನಿಂತರು, ಕೆಲವರು ಕೊಚ್ಚಿವರೆಗೆ ಹೋದರು. ಪೋರ್ಚುಗೀಸರನ್ನು ಓಡಿಸಿದ ಡಚ್ಚನ ಪುಸ್ತಕಕ್ಕೆ ಇವರು ಕೈಜೋಡಿಸಿದ್ದು ಹಾಗೆ ನೋಡಿದ್ರೆ ಸಹಜವೇ.

ಇನ್ನೊಂದು, ಅದೇ ಕಾಲಕ್ಕೆ ಬಸ್ರೂರಲ್ಲೂ ಡಚ್ಚರ ವ್ಯಾಪಾರದ ಕೋಠಿ ಇತ್ತು. ಕೆಳದಿ ಅರಸರ ಸೀಮೆಯ ಅಕ್ಕಿ ಇಲ್ಲಿಂದ ಮಲಬಾರಿಗೆ ಹೋಗ್ತಿತ್ತು. ಕೊಚ್ಚಿ ಕೋಟೆಯೊಳಗೆ ಗಿಡದ ಗುಣ ಚರ್ಚೆ ಮಾಡ್ತಾ ಕೂತವರು ಉಂಡದ್ದು ನಮ್ಮ ಅಕ್ಕಿಯ ಅನ್ನವೇ ಇರಬಹುದು!

ಕಾಫಿತೋಟ:

ಹಾಗಾದರೆ ಇದು ಯಾರ ಪುಸ್ತಕ? ಮುಖಪುಟದಲ್ಲಿ ಡಚ್ ಒಡೆಯರ ಹೆಸರು ರಾರಾಜಿಸುತ್ತೆ. ಗಿಡ ತಂದವರ ಹೆಸರೇ ಇಲ್ಲ.

ಬೇರುಕಾಂಡ:

ಗಿಡ ತಂದವರ ಹೆಸರಿಲ್ಲ ಅನ್ನೋದು ನಿಜ, ಅದು ದೊಡ್ಡ ಕೊರತೆ. ಆದರೆ ಹೇಳಿಕೊಟ್ಟ ವೈದ್ಯರ ಹೆಸರು, ಊರು, ಅವರದೇ ಲಿಪಿಯಲ್ಲಿ ಅವರ ಮಾತು ಅಚ್ಚು ಹಾಕಿಸಿದ್ದಾನಲ್ಲ, ಆ ಶತಮಾನದಲ್ಲಿ ಅಂಥದ್ದನ್ನು ಎಷ್ಟು ಜನ ಮಾಡಿದ್ದಾರೆ ಹೇಳಿ. ಮುಂದೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಮಲಬಾರಿನ ಗಿಡಗಳಿಗೆ ಆಧಾರ ಮಾಡಿಕೊಂಡದ್ದು ಈ ಚಿತ್ರಗಳನ್ನೇ. ಅಲ್ಲಿ ಇಟ್ಟಿ ಅಚ್ಯುತನ್ ಹೆಸರು ಕಾಣೆ, ವಾನ್ ರೀಡೆಯದು ಮಾತ್ರ ಉಳಿಯಿತು. ಬೈಯುವುದಾದರೆ ಆ ನಂತರದವರನ್ನೂ ಸೇರಿಸಿ ಬೈಯಬೇಕು.

ಆತನ ಹೆಸರಿನಲ್ಲಿ ಲಿನೇಯಸ್ ‘ರೀಡಿಯಾ’ ಅಂತ ಗಿಡಗಳ ಒಂದು ಕುಲವನ್ನೇ (ಜೀನಸ್) ಮಾಡಿದ್ದ. ಈಗ ಅದು ‘ಗಾರ್ಸಿನಿಯಾ’ದೊಳಗೆ ಸೇರಿಹೋಗಿದೆ. ಗಾರ್ಸಿನಿಯಾ ಅಂದರೆ ನಮ್ಮ ಮುರುಗಲು, ಉಪ್ಪಾಗೆಗಳ ಕುಲ. ಉಪ್ಪಾಗೆ ಹಾರ್ಟಸ್‌ನಲ್ಲೂ ಇದೆ, ಕೊಡಂಪುಳಿ ಅಂತ.

ಲ್ಯಾಟಿನ್ನಿನಲ್ಲಿ ಹೂತುಹೋಗಿದ್ದ ಇದನ್ನು ಇಂಗ್ಲಿಷಿಗೆ ತಂದವರು ಕಲ್ಲಿಕೋಟೆಯ ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್. 2003ರಲ್ಲಿ ಕೇರಳ ವಿಶ್ವವಿದ್ಯಾಲಯ ಪ್ರಕಟಿಸಿತು, 2008ರಲ್ಲಿ ಮಲಯಾಳದಲ್ಲೂ ಬಂತು. ಅದಿಲ್ಲದಿದ್ದರೆ ಇವತ್ತು ನಾವು ಈ ಚರ್ಚೆ ಮಾಡುತ್ತಿರಲಿಲ್ಲ.

ಲೆಕ್ಕಪತ್ರ:

ಎಲ್ಲರೂ ಪುಸ್ತಕವನ್ನು ಜ್ಞಾನದಾಹದ ಫಲ ಅಂತ ನೋಡ್ತಿದ್ದೀರಿ. ನಾನು ಕಂಪನಿಯ ಕಣ್ಣಿಂದ ನೋಡ್ತೇನೆ. ಸಿಲೋನಿನ ದಾಲ್ಚಿನ್ನಿ ಡಚ್ಚರ ಚಿನ್ನದ ಮೊಟ್ಟೆ. ಸೇನಾಪತಿ ವಾನ್ ಗೋನ್ಸ್ ಕೊಲಂಬೋವನ್ನೇ ಈ ಭಾಗದ ಡಚ್ಚರ ರಾಜಧಾನಿ ಮಾಡಬೇಕು ಅನ್ನುವವನು. ವಾನ್ ರೀಡೆಗೆ ಕೊಚ್ಚಿಯೇ ಆಗಬೇಕು. ಹಾಗಾಗಿ ಮಲಬಾರಿನಲ್ಲಿ ಏನೇನು ಸಿಗುತ್ತೆ ಅಂತ ತೋರಿಸೋದು ಅವನಿಗೆ ಅಗತ್ಯವಾಗಿತ್ತು. ಮಲಬಾರಿನ ಕಾಡು ದಾಲ್ಚಿನ್ನಿಯಿಂದ ಎಣ್ಣೆ ಬಟ್ಟಿ ಇಳಿಸುವ ಪ್ರಯೋಗ ಮಾಡಿಸಿದ್ದೂ ಅದಕ್ಕೇ. ಇನ್ನು ಕಂಪನಿ ಯುರೋಪಿನಿಂದ ಹಡಗಿನಲ್ಲಿ ಔಷಧಿ ತರಿಸುತ್ತಿತ್ತು. ಅದರಲ್ಲಿ ಎಷ್ಟೋ ಸಾಮಾನು ಮೊದಲು ಇಲ್ಲಿಂದಲೇ ಹೋದದ್ದು! ಅದೇ ಬೇರು ಅದೇ ತೊಗಟೆ ಹಿತ್ತಲಲ್ಲೇ ಸಿಗುವಾಗ ದುಡ್ಡು ಯಾಕೆ ಸುರಿಯಬೇಕು ಅನ್ನೋದು ಅವನ ವಾದ. ಹಾರ್ಟಸ್ ಹನ್ನೆರಡು ಸಂಪುಟದ ಒಂದು ವಾದಪತ್ರವೂ ಹೌದು.

ಓಲೆಗರಿ:

ಒಪ್ಪಿದೆ. ಆದರೆ ವಾದ ಗೆಲ್ಲಲು ಒಂದು ವರದಿ ಸಾಕಿತ್ತಲ್ಲ. ಹನ್ನೆರಡು ಸಂಪುಟ, ಅದೂ ದೊಡ್ಡ ಹಾಳೆಯಲ್ಲಿ, ಯಾಕೆ? ನನಗನ್ನಿಸೋದು, ಮನೆತನದಲ್ಲಿ ಉಳಿದವರಿಗೆಲ್ಲ ಹೇಳಿಕೊಳ್ಳಲು ಒಂದೊಂದು ಕೋಟೆಮನೆ ಇತ್ತು, ಇವನಿಗೆ ಇರಲಿಲ್ಲ. ತನ್ನ ಹೆಸರು ನಿಲ್ಲುವಂಥದ್ದೊಂದನ್ನು ಕಟ್ಟಬೇಕು ಅನ್ನುವ ಹಟ ಇದರಲ್ಲಿದೆ. ಸೇನಾಪತಿಯ ಜೊತೆಗಿನ ಜಗಳದಲ್ಲಿ ಸೋತು 1677ರಲ್ಲಿ ಬಟಾವಿಯಾಕ್ಕೆ (ಈಗಿನ ಜಕಾರ್ತಾ), ಅಲ್ಲಿಂದ 1678ರಲ್ಲಿ ಊರಿಗೆ ಹೋದವನು ಮಾಡಿದ್ದು ಎರಡು ಕೆಲಸ. ಪುಸ್ತಕ ಅಚ್ಚು ಹಾಕಿಸಿದ್ದು ಒಂದು, ಮೈಡ್ರೆಕ್ಟ್ ಅನ್ನುವ ಕಡೆ ಒಡೆತನ ಪಡೆದು ‘ಮೈಡ್ರೆಕ್ಟ್‌ನ ಒಡೆಯ’ ಆದದ್ದು ಇನ್ನೊಂದು. ಇದು ನನ್ನ ಓದು, ಬೇರೆಯವರು ಬೇರೆ ಹೇಳಬಹುದು.

ಲೆಕ್ಕಪತ್ರ:

ಅಷ್ಟು ಮನಶ್ಶಾಸ್ತ್ರ ನನಗೆ ಬೇಡ. ಆದರೆ ಮೈಡ್ರೆಕ್ಟ್ ವಿಷಯ ಮುಖ್ಯ. 1684ರಲ್ಲಿ ಕಂಪನಿಯ ಹದಿನೇಳು ನಿರ್ದೇಶಕರು ಇವನನ್ನು ಕಮಿಷನರ್ ಜನರಲ್ ಮಾಡಿ, ಲಂಚಕೋರರನ್ನು ಹಿಡಿಯಲು ಕಳಿಸಿದರು. ಕದ್ದು ಸ್ವಂತ ವ್ಯಾಪಾರ ಮಾಡುವ ಅಧಿಕಾರಿಗಳ ಮೇಲೆ ಕಣ್ಣಿಡಲು ಅವರಿಗೆ ಬೇಕಾದ್ದು ಒಳಗೂ ಬಲ್ಲ, ಹೊರಗೂ ಮರ್ಯಾದೆ ಇರುವ ಮನುಷ್ಯ. ದಕ್ಷಿಣ ಆಫ್ರಿಕದ ತುದಿಯಲ್ಲಿದ್ದ ಕಂಪನಿಯ ನೆಲೆ ಕೇಪ್‌ನ ದಾಖಲೆಗಳಲ್ಲಿ ಅವನು ‘ಮೈಡ್ರೆಕ್ಟ್‌ನ ಒಡೆಯ’ನೇ.

ಕಾಫಿತೋಟ:

ದಕ್ಷಿಣ ಆಫ್ರಿಕದ ಡ್ರಾಕೆನ್‌ಸ್ಟೈನ್ ಇವನ ಹೆಸರಲ್ಲೇ ಅಲ್ವಾ? ದ್ರಾಕ್ಷಿ ಬೆಳೆಯುವ ಸೀಮೆ.

ಕಡತಪ್ರಿಯ:

ಹೌದು. 1685ರಲ್ಲಿ ಕೇಪ್‌ಗೆ ಬಂದವನು ಅಲ್ಲಿನ ಮುಖ್ಯಸ್ಥ ಸೈಮನ್ ವಾನ್ ಡೆರ್ ಸ್ಟೆಲ್‌ಗೆ ಕಾನ್‌ಸ್ಟಾನ್ಷಿಯಾ ಜಮೀನು ಮಂಜೂರು ಮಾಡಿದ. 1687ರಲ್ಲಿ ಸ್ಟೆಲ್ ಹೊಸ ಕಣಿವೆಯೊಂದಕ್ಕೆ ಡ್ರಾಕೆನ್‌ಸ್ಟೈನ್ ಅಂತ ಹೆಸರಿಟ್ಟು ಋಣ ತೀರಿಸಿದ. ಮರುವರ್ಷ ಫ್ರಾನ್ಸಿನಿಂದ ಓಡಿಬಂದ ಹ್ಯೂಗೆನಾಟರಿಗೆ, ಅಂದರೆ ಅಲ್ಲಿನ ಪ್ರಾಟೆಸ್ಟೆಂಟರಿಗೆ, ಅಲ್ಲೇ ಜಾಗ ಸಿಕ್ಕಿತು. ಅಣ್ಣನದಾಗಿದ್ದ ಮನೆಯ ಹೆಸರು ಒಂದು ಕಣಿವೆಗೇ ಅಂಟಿಕೊಂಡಿತು!

ಕೇಪ್‌ನಲ್ಲಿ ಕಂಪನಿಯ ಗುಲಾಮರ ವಸತಿಯನ್ನು ತಪಾಸಣೆ ಮಾಡಿ ನಿಯಮ ಬರೆದ. ಯುರೋಪಿಯನ್ ತಂದೆಗೆ ಹುಟ್ಟಿದ ಗುಲಾಮ ಮಕ್ಕಳಲ್ಲಿ ಗಂಡಸರಿಗೆ 25ಕ್ಕೆ, ಹೆಂಗಸರಿಗೆ 22ಕ್ಕೆ ಬಿಡುಗಡೆ ಕೇಳುವ ದಾರಿ. ಡಚ್ ಮಾತು ಬರಬೇಕು, ಇಗರ್ಜಿಗೆ ಸೇರಿರಬೇಕು. ಮಕ್ಕಳಿಗೆ ಶಾಲೆ. ಜೊತೆಗೇ, ಅಪ್ಪಟ ಕಪ್ಪು ಬಣ್ಣದ ಗುಲಾಮ ಹೆಣ್ಣುಗಳನ್ನು ಯುರೋಪಿಯನ್ನರು ಮದುವೆಯಾಗಬಾರದು ಅನ್ನುವ ನಿಷೇಧ. ದಯೆ ತೋರಿಸಿದ ಕೈಯೇ ಬಣ್ಣದ ಗೆರೆಯನ್ನೂ ಎಳೆದಿದೆ. ಅವನನ್ನು ಹೊಗಳುವವರು ಈ ಎರಡನೆಯದನ್ನು ಬಿಟ್ಟು ಬರೆಯುತ್ತಾರೆ.

ಗಂಗೊಳ್ಳಿ ಮಾಣಿ:

ಅದನ್ನೇ ನಾನು ಆಗಿಂದ ಹೇಳ್ತಾ ಇದ್ದದ್ದು.

ಹೊಸಬ:

ಮದುವೆ, ಮಕ್ಕಳು? ವಂಶದ ಬಗ್ಗೆ ಇಷ್ಟು ಬರೆದಿರಿ, ಅವನ ಸ್ವಂತ ಸಂಸಾರದ ಮಾತೇ ಇಲ್ಲ.

ಓಲೆಗರಿ:

ಮದುವೆ ಆಗಲಿಲ್ಲ. ಫ್ರಾನ್ಸಿನಾ ಅನ್ನುವ ಹುಡುಗಿಯನ್ನು ದತ್ತು ತೆಗೆದುಕೊಂಡಿದ್ದ. ಅವಳ ಹುಟ್ಟಿನ ಬಗ್ಗೆ ಜನ ಏನೇನೋ ಕಥೆ ಕಟ್ಟುತ್ತಾರೆ. ಅದನ್ನಿಲ್ಲಿ ಬೆಳೆಸೋದು ಬೇಡ.

ಹೊಸಬ:

ಸರಿ. ಸತ್ತದ್ದು ಹೇಗೆ? ಸಮಾಧಿ ಎಲ್ಲಿದೆ?

ಕಡತಪ್ರಿಯ:

ಕೇಪ್‌ನಿಂದ ಸಿಲೋನ್, ಬಂಗಾಳ, ಕೋರಮಂಡಲ ಸುತ್ತಿದ. ಕೋರಮಂಡಲದ ಡಚ್ ಕೇಂದ್ರವನ್ನು ಪುಲಿಕಾಟ್‌ನಿಂದ ನಾಗಪಟ್ಟಣಕ್ಕೆ ಸಾಗಿಸಿದ್ದು, ಜಾಫ್ನಾದಲ್ಲಿ ಪಾದ್ರಿ ಶಾಲೆ ತೆರೆದದ್ದು ಈ ಸುತ್ತಿನಲ್ಲೇ. 1691ರ ಕೊನೆಗೆ ಕೊಚ್ಚಿಯಿಂದ ಸೂರತ್‌ಗೆ ಹೊರಟ. ಡಿಸೆಂಬರ್ 15ರಂದು ಹಡಗಿನಲ್ಲೇ ತೀರಿಕೊಂಡ. ಆಗ 55 ವರ್ಷ. ಮರುತಿಂಗಳು ಸೂರತ್‌ನಲ್ಲಿ ಹೂತರು. ಪುಸ್ತಕದ ಕೊನೆಯ ಸಂಪುಟ ಹೊರಬಂದದ್ದು ಅವನು ಸತ್ತ ಮೇಲೆ.

ಸಮಾಧಿ ಕತಾರ್‌ಗಾಮ್ ದರ್ವಾಜಾ ಹತ್ತಿರದ ಡಚ್ ಸ್ಮಶಾನದಲ್ಲಿದೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಎರಡಂತಸ್ತು, ಸುತ್ತ ಕಂಬಗಳ ಮೊಗಸಾಲೆ, ಮೇಲೆ ಗುಮ್ಮಟ. ದೂರದಿಂದ ನೋಡಿದವರು ಯಾವುದೋ ನವಾಬನ ಗೋರಿ ಅಂದುಕೊಳ್ಳಬೇಕು. ಇಂಗ್ಲಿಷರು ತಮ್ಮ ಸ್ಮಶಾನದಲ್ಲಿ ತಮ್ಮ ಕಂಪನಿಯ ಆಕ್ಸೆಂಡನ್ ಸೋದರರಿಗೆ ಭಾರೀ ಗೋರಿ ಕಟ್ಟಿದ್ದರು. ಅದನ್ನು ಮೀರಿಸಬೇಕು ಅಂತ ಡಚ್ಚರು ಇದನ್ನು ಎಬ್ಬಿಸಿದರು ಅನ್ನುವ ಮಾತು ಚಾಲ್ತಿಯಲ್ಲಿದೆ. ಲಂಚ, ದುಂದು ತಡೆಯಲು ಬಂದವನಿಗೆ ಕಂಪನಿಯವರು ಕಟ್ಟಿದ ಗೋರಿ ನೋಡಿ!

ಲೆಕ್ಕಪತ್ರ:

ಖರ್ಚು ಯಾವ ಖಾತೆಗೆ ಬರೆದರೋ.

ಹೊಸಬ:

ಮುಂದಿನ ತಿಂಗಳು ಸೂರತ್‌ಗೆ ಹೋಗೋದಿದೆ. ಒಳಗೆ ಬಿಡ್ತಾರಾ? ನೋಡಲೇಬೇಕಾದ್ದು ಏನಾದರೂ ಇದೆಯಾ?

ಕಡತಪ್ರಿಯ:

ಬಾಗಿಲ ವಿಷಯ ಅಲ್ಲೇ ವಿಚಾರಿಸಿ. ಇಂಗ್ಲಿಷ್ ಸ್ಮಶಾನವೂ ದೂರವೇನಿಲ್ಲ, ಎರಡನ್ನೂ ಒಂದೇ ದಿನ ನೋಡಿ, ಯಾರು ಗೆದ್ದರು ಅಂತ ಇಲ್ಲಿ ಬರೆಯಿರಿ. ಪಕ್ಕದ ಆರ್ಮೇನಿಯನ್ ಗೋರಿಕಲ್ಲುಗಳ ಫೋಟೊ ಸಿಕ್ಕರೆ ಅದಕ್ಕೊಂದು ಬೇರೆ ಚರ್ಚೆ ಶುರು ಮಾಡೋಣ.